ಇನ್ನು ಮೇಲೆ ನೂಲು ಮೊದಲು, ಡಿಸೈನ್ ಆಮೇಲೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ,

ಇಲ್ಲಿಯವರೆಗೆ ನೀವು ನಮ್ಮ ಲೇಸ್ ಶಾಲುಗಳನ್ನು, ಅಂದರೆ ತೂತು ಬಿಟ್ಟು ಡಿಸೈನ್ ಮೂಡಿಸಿ ಹೆಣೆದ ಶಾಲುಗಳನ್ನು, ಫೋಟೊ ನೋಡಿ ಆರಿಸುತ್ತಿದ್ದಿರಿ. "ಈ ಎಲೆ ಡಿಸೈನ್, ಇಷ್ಟು ಉದ್ದ, ಹಬ್ಬಕ್ಕೆ ಬೇಕು" ಅಂದರೆ ನಾವು ಹಾಗೇ ಹೆಣೆದು ಕಳಿಸುತ್ತಿದ್ದೆವು. ಮಿಲ್ಲಿನ ನೂಲು ಇದ್ದಾಗ ಅದು ನಡೆಯುತ್ತಿತ್ತು. ಈಗ ಪೂರ್ತಿಯಾಗಿ ಕೈಯಲ್ಲಿ ನೂತ ಎರಿ ರೇಷ್ಮೆಯಲ್ಲೇ ಹೆಣೆಯುತ್ತಿದ್ದೇವೆ. ಆದ್ದರಿಂದ ನೂಲು ಬಂದ ಮೇಲೆಯೇ ಡಿಸೈನ್ ತೀರ್ಮಾನ ಮಾಡುತ್ತೇವೆ.

ನಮಗೆಲ್ಲ ರೇಷ್ಮೆ ಅಂದರೆ ರಾಮನಗರ, ಶಿಡ್ಲಘಟ್ಟ. ಅಲ್ಲಿ ಹಿಪ್ಪುನೇರಳೆ ಸೊಪ್ಪು ತಿಂದ ಹುಳದ ಗೂಡನ್ನು ಬಿಸಿನೀರಿಗೆ ಹಾಕಿ, ಉದ್ದನೆಯ ಎಳೆಯನ್ನು ಬಿಚ್ಚಿ ತೆಗೆಯುತ್ತಾರೆ. ಎರಿ ಬೇರೆ. ಅದರ ಹುಳ ಹರಳು ಗಿಡದ ಎಲೆ ತಿನ್ನುತ್ತದೆ. ಅಸ್ಸಾಮಿನಲ್ಲಿ ಹರಳಿಗೆ ಎರಾ ಅನ್ನುತ್ತಾರೆ, ಹೆಸರು ಬಂದಿದ್ದೇ ಅದರಿಂದ. ಎರಿ ಗೂಡಿನ ಒಂದು ತುದಿ ತೆರೆದೇ ಇರುತ್ತದೆ. ಎಳೆ ಒಂದೇ ಸಮನೆ ಬಿಚ್ಚಿ ಬರುವುದಿಲ್ಲ. ಹತ್ತಿಯ ಹಾಗೆ ಎಳೆದೆಳೆದು ನೂಲಬೇಕು. ಮುಟ್ಟಿದರೆ ಮೆತ್ತಗೆ, ಹೊದ್ದರೆ ಬೆಚ್ಚಗೆ. ಹೊಳಪು ಮಾತ್ರ ಸ್ವಲ್ಪ ಕಮ್ಮಿ.

ಅಸ್ಸಾಮಿನ ಹೆಂಗಸರು ಮನೆಯಲ್ಲಿ ಕೂತು ನೂತ ನೂಲು ಇದು. ಒಂದು ಲಡಿ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಸ್ಕೇಲಿಗೆ ನೂಲು ಸುತ್ತಿ ಎಣಿಸುತ್ತೇವೆ. ಒಂದು ಲಡಿಯಲ್ಲಿ ಇಂಚಿಗೆ 30 ಸುತ್ತು ಕೂತರೆ, ಇನ್ನೊಂದರಲ್ಲಿ 22. ಸುತ್ತು ಕಮ್ಮಿಯಾದಷ್ಟೂ ನೂಲು ದಪ್ಪ.

ಹೋದ ಮಳೆಗಾಲದಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಪ್ಪು ಮಾಡಿದೆವು. ಗ್ರಾಹಕರೊಬ್ಬರು ಸಣ್ಣ ಎಲೆಗಳ ಡಿಸೈನ್ ಕೇಳಿದ್ದರು. ಬಂದ ನೂಲು ದಪ್ಪ. ಆದರೂ ಮಾತು ಕೊಟ್ಟಾಗಿದೆ ಅಂತ ಮೂರು ವಾರ ಹೆಣೆದೆವು. ಒದ್ದೆ ಮಾಡಿ, ಎಳೆದು, ಪಿನ್ ಚುಚ್ಚಿ ಒಣಗಿಸಿದರೂ ಎಲೆ ಕಾಣಲೇ ಇಲ್ಲ. "ತೂತೆಲ್ಲ ಮುಚ್ಕೊಂಡ್‌ಬಿಟ್ಟಿದೆ ಕಣ್ರೀ" ಅಂತ ನಮ್ಮ ಹಿರಿಯಕ್ಕ ಶಾಲನ್ನು ಕಿಟಕಿಗೆ ಹಿಡಿದು ಹೇಳಿದರು. ಎಲ್ಲವನ್ನೂ ಬಿಚ್ಚಿದೆವು. ಆ ಗ್ರಾಹಕರು ಎರಡು ತಿಂಗಳು ಜಾಸ್ತಿ ಕಾಯಬೇಕಾಯಿತು. ಅವರಲ್ಲಿ ಮತ್ತೊಮ್ಮೆ ಕ್ಷಮೆ ಕೇಳುತ್ತೇವೆ.

ಅದೇ ನೂಲಿನಲ್ಲಿ ಆಮೇಲೆ ಅಲೆ ಡಿಸೈನ್ ಹೆಣೆದೆವು. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹಳೆಯ ಡಿಸೈನ್ ಅದು. ಉಂಗುರದೊಳಗೆ ತೂರುವಷ್ಟು ತೆಳುವಾದ ಶಾಲು ಹೆಣೆದ ಊರಿನವರದು. ಕಡ್ಡಿಯ ಮೇಲಿನ 18 ಕುಣಿಕೆಗೆ ಒಂದು ಅಲೆ. ಆ ಕಡೆ ಮೂರು ಸಲ, ಈ ಕಡೆ ಮೂರು ಸಲ ಎರಡೆರಡು ಕುಣಿಕೆ ಸೇರಿಸಿ ಒಂದು ಮಾಡಬೇಕು. ಅಲ್ಲಿಗೆ ಆರು ಕಮ್ಮಿಯಾಯಿತು. ನಡುವೆ ಆರು ಸಲ ಕಡ್ಡಿಗೆ ನೂಲು ಸುತ್ತಿ ತೂತು ಬಿಡಬೇಕು. ಹೋದ ಆರೂ ವಾಪಸ್ ಬಂತು. ನಾಲ್ಕು ಸಾಲಿಗೆ ಒಂದು ಸಾಲಲ್ಲಿ ಮಾತ್ರ ಈ ಕೆಲಸ. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇದ್ದರೂ ಅಲೆ ಕೆಡುವುದಿಲ್ಲ, ಇನ್ನೂ ಚೆನ್ನಾಗಿ ಕಾಣುತ್ತದೆ. ಆ ಶಾಲು ನೋಡಿ ನಮಗೇ ಕಣ್ತುಂಬಿ ಬಂತು.

ಈಗ ಪ್ರತಿ ಸಲವೂ ಮೊದಲು ಅಂಗೈಯಗಲದ ತುಂಡು ಹೆಣೆಯುತ್ತೇವೆ. ತೊಳೆದು, ಮಂಚದ ಮೇಲೆ ಹಳೇ ಪಂಚೆ ಹಾಸಿ, ಪಿನ್ ಚುಚ್ಚಿ ರಾತ್ರಿಯಿಡೀ ಒಣಗಲು ಬಿಡುತ್ತೇವೆ. ಬೆಳಿಗ್ಗೆ ಪಿನ್ ತೆಗೆದಾಗ ಎಷ್ಟು ಕುಗ್ಗುತ್ತದೆ, ಎಷ್ಟು ಜೋಲುತ್ತದೆ ನೋಡಿ ಕಡ್ಡಿಯ ಅಳತೆ, ಡಿಸೈನ್ ಎರಡನ್ನೂ ಗೊತ್ತು ಮಾಡುತ್ತೇವೆ. ನೂಲುವವರಿಗೆ ಎರಡೆಳೆ ಹುರಿ ಹಾಕಿಯೇ ಕೊಡಿ ಅಂತ ಕೇಳಿಕೊಂಡಿದ್ದೇವೆ. ಒಂಟಿ ಎಳೆಯ ಹುರಿ ಒಂದೇ ಕಡೆಗೆ ತಿರುಗಿರುತ್ತದೆ, ಅದರಲ್ಲಿ ಹೆಣೆದರೆ ಶಾಲು ಓರೆಯಾಗುತ್ತದೆ.

ಹಾಗಾಗಿ ಇನ್ನು ಮುಂದೆ ನೀವು ಹೇಳಬೇಕಾದ್ದು ಇಷ್ಟೇ: ದಿನಾ ಹೊದೆಯಲಿಕ್ಕೋ, ಮದುವೆ ಮನೆಗೋ? ಚೌಕವೋ, ಉದ್ದವೋ? ತುಂಡು ಒಣಗಿದ ಮೇಲೆ ಅದರ ಫೋಟೊ ಜೊತೆ ಎರಡು ಮೂರು ಡಿಸೈನ್ ಕಳಿಸುತ್ತೇವೆ. ನೀವು ಒಪ್ಪಿದ ಮೇಲೆಯೇ ಕಡ್ಡಿ ಹಿಡಿಯುತ್ತೇವೆ. ಅಳತೆಯಲ್ಲಿ ಮೂರು ನಾಲ್ಕು ಇಂಚು ಆಚೀಚೆ ಆಗಬಹುದು. ಮೂರು ವಾರದ ಬದಲು ಹತ್ತು ವಾರ ಹಿಡಿಯುತ್ತದೆ. ಬೆಲೆ ಒಂದು ಶಾಲಿಗೆ 600 ರೂಪಾಯಿ ಜಾಸ್ತಿ. ಅದು ನೂಲಿಗೆ ಮತ್ತು ತುಂಡು ಹೆಣೆಯುವವರ ಕೂಲಿಗೆ ಹೋಗುತ್ತದೆ. ಈಗಾಗಲೇ ಹಣ ಕಟ್ಟಿದವರಿಗೆ ಹಳೆಯ ಬೆಲೆಯೇ. ಕಾಯಲು ಆಗದವರು ತಿಳಿಸಿ, ಪೂರ್ತಿ ಹಣ ವಾಪಸ್ ಕೊಡುತ್ತೇವೆ.

ಒಂದು ಮಾತು ದಯವಿಟ್ಟು ನೆನಪಿಡಿ. ಈ ಶಾಲನ್ನು ಒದ್ದೆ ಇರುವಾಗ ಹಗ್ಗಕ್ಕೆ ನೇತು ಹಾಕಬೇಡಿ. ಉಣ್ಣೆಯ ಹಾಗೆ ರೇಷ್ಮೆ ಹಿಂದಕ್ಕೆ ಪುಟಿಯುವುದಿಲ್ಲ, ನೀರಿನ ಭಾರಕ್ಕೆ ಉದ್ದವಾಗಿಬಿಡುತ್ತದೆ. ಟವೆಲ್ಲಿನಲ್ಲಿ ಸುತ್ತಿ ಮೆಲ್ಲಗೆ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಎಲ್ಲಾದರೂ ಕುಣಿಕೆ ಬಿಚ್ಚಿಕೊಂಡರೆ ಆ ಜಾಗಕ್ಕೊಂದು ಪಿನ್ ಹಾಕಿ ನಮಗೆ ಕಳಿಸಿ. ಪ್ರತಿ ಶಾಲಿನ ಉಳಿದ ನೂಲನ್ನು ನಿಮ್ಮ ಹೆಸರು ಬರೆದು ಎತ್ತಿಟ್ಟಿರುತ್ತೇವೆ, ಅದರಲ್ಲೇ ಸರಿ ಮಾಡಿ ಕೊಡುತ್ತೇವೆ.

ಇಂತಿ,
ಹೆಣಿಗೆ ಗುಂಪಿನ ಎಲ್ಲರ ಪರವಾಗಿ
ಮೈಸೂರು