ಬಸ್ ಮುಷ್ಕರದ ವಾದ: ಬರೆಯೋ ಮುಂಚೆ ಇಷ್ಟು ಓದ್ರಿ

ಸಿಂಧನೂರು–ರಾಯಚೂರು ದಾರಿಯ ಈ ಗುಂಪಿನ ಸದಸ್ಯರೇ, ಸಾರಿಗೆ ನೌಕರರ ಪರ, ವಿರೋಧ ಏನೇ ಬರೀರಿ. ಎರಡು ಬೇಡಿಕೆಗಳನ್ನ ಮಾತ್ರ ಕಲಸಬ್ಯಾಡ್ರಿ. ಒಂದು ಹಿಂಬಾಕಿ: 2020ರ ಜನವರಿಯಿಂದ ಆಗಬೇಕಿದ್ದ ವೇತನ ಪರಿಷ್ಕರಣೆ ಶೇ. 15ರಂತೆ 2023ರ ಮಾರ್ಚ್‌ನಿಂದ ಜಾರಿಯಾಯ್ತು. ನಡುವಿನ 38 ತಿಂಗಳ ವ್ಯತ್ಯಾಸದ ಹಣ ಇದು. ಇನ್ನೊಂದು, 2024ರ ಜನವರಿಯಿಂದ ಅನ್ವಯ ಆಗಬೇಕು ಅಂತ ಕೇಳಿದ ಹೊಸ ವೇತನ ಹೆಚ್ಚಳ. ಮೊದಲನೇದು ದುಡಿದಾಗಿರೋ ದಿನಗಳ ಲೆಕ್ಕ, ಅದನ್ನ ದುರಾಸೆ ಅನ್ನೋದು ನಮಗೆ ಸರಿ ಕಾಣಲ್ಲ. ಎರಡನೇದು ಎಷ್ಟಿರಬೇಕು ಅಂತ ಧಾರಾಳ ವಾದಿಸ್ರಿ.

‘ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದಲೇ ಈ ಬಾಕಿ’ ಅನ್ನೋರಿಗೆ: ಆ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಬಾಕಿ ಅವಧಿ ಫೆಬ್ರುವರಿಗೇ ಮುಗಿದಿತ್ತು.

ಸಂಬಳ ಚೀಟಿ ಹಾಕುವಾಗ ಹೆಸರು, ಬಿಲ್ಲೆ ನಂಬರ್ ಮುಚ್ಚಿ. ಮೂಲ ವೇತನ, ತುಟ್ಟಿಭತ್ಯೆ ಕೂಡಿದ ಮೇಲಿನ ಮೊತ್ತ ಬೇರೆ; ಪಿಎಫ್, ಸೊಸೈಟಿ ಸಾಲ ಕಳೆದು ಕೈಗೆ ಬರೋದು ಬೇರೆ. ಒಬ್ಬರು ಮೇಲಿಂದು, ಒಬ್ಬರು ಕೆಳಗಿಂದು ಹಿಡಿದು ನಿನ್ನೆ ರಾತ್ರಿಯೆಲ್ಲ ಜಗಳ.

ಬಸ್ ಪಾಸ್ ಇದ್ದೂ ಖಾಸಗಿ ಕ್ರೂಸರ್ ಗಾಡಿಗೆ ದುಡ್ಡು ಕೊಡೋ ವಿದ್ಯಾರ್ಥಿಗಳ ಸಿಟ್ಟೂ ಖರೇನೇ, ಅದನ್ನ ಹೀಯಾಳಿಸಬ್ಯಾಡ್ರಿ. ಡಿಪೋ ಫೋಟೊಗೆ ದಿನಾಂಕ, ಹೊತ್ತು ಬರೀರಿ. 2021ರ ಏಪ್ರಿಲ್ ಮುಷ್ಕರದ ಹಳೇ ವಿಡಿಯೊ ಕಂಡರೆ ಅಳಿಸ್ತೀವಿ.