ಡಿ'ಸೋಜ ಅವರ ಹೆಸರಿನಲ್ಲಿ ತಪ್ಪಿಲ್ಲ

ಮಾನ್ಯ ಸಂಪಾದಕರೇ,

ಮಡಿಕೇರಿ, ವಿರಾಜಪೇಟೆ, ಸಿದ್ದಾಪುರದ ಕಡೆ ಡಿ'ಸೋಜ, ಡಿ'ಕುನ್ಹಾ, ಡಿ'ಸಿಲ್ವ ಎಂಬ ಹೆಸರುಗಳು ಹೊಸವಲ್ಲ. ಆದರೂ ಹೋಂಸ್ಟೇ ಬುಕಿಂಗೋ ಸಂಘದ ಸದಸ್ಯತ್ವವೋ ಆನ್‌ಲೈನಿನಲ್ಲಿ ತುಂಬಲು ಹೋದರೆ ಕೆಲವು ಸೈಟ್‌ಗಳು 'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಎಂದು ಹೆಸರನ್ನೇ ತಿರಸ್ಕರಿಸುತ್ತವೆ. ಚಿಹ್ನೆ ಬಿಟ್ಟು ಬರೆದರೆ ಗುರುತಿನ ಚೀಟಿಗೆ ತಾಳೆಯಾಗುವುದಿಲ್ಲ. ಕೇಳಿದರೆ 'ಸೆಕ್ಯುರಿಟಿಗೆ ಹಾಗೆ ಮಾಡಿದ್ದೇವೆ' ಎಂಬ ಉತ್ತರ. ಬಾಗಿಲಿಗೆ ಚಿಲಕ ಹಾಕಲು ಬಾರದವರು ನೆಂಟರಿಗೆ ಬರಬೇಡಿ ಎಂದಂತಾಯಿತು.

ಸಮಸ್ಯೆ ಹುಟ್ಟುವುದು ಹೀಗೆ. ಡೇಟಾಬೇಸಿಗೆ ಕಳಿಸುವ ಕ್ವೆರಿಯಲ್ಲಿ, ಅಂದರೆ ಮಾಹಿತಿ ಕೇಳುವ ಆದೇಶದ ಸಾಲಿನಲ್ಲಿ, ಪಠ್ಯ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತೋರಿಸುವುದು ಸಿಂಗಲ್ ಕೋಟ್, ಡಿ'ಸೋಜದಲ್ಲಿರುವ ಅದೇ ಚಿಹ್ನೆ. ಗ್ರಾಹಕರು ತುಂಬಿದ ಹೆಸರನ್ನು ಪ್ರೋಗ್ರಾಂ ನೇರವಾಗಿ ಆ ಸಾಲಿಗೆ ಅಂಟಿಸಿದರೆ ಸಿಗುವುದು ಇದು (ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ; ಅತಿಥಿಗಳ ಪಟ್ಟಿಯಿಂದ ಈ ಹೆಸರಿನ ಸಾಲುಗಳನ್ನು ಕೊಡು ಎಂದರ್ಥ):

ಸೆಲೆಕ್ಟ್ * ಫ್ರಮ್ ಅತಿಥಿಗಳು ವೇರ್ ಹೆಸರು = 'ಡಿ'ಸೋಜ'

ಡೇಟಾಬೇಸಿನ ಪಾಲಿಗೆ ಹೆಸರು 'ಡಿ' ಎಂಬಲ್ಲಿಗೇ ಮುಗಿಯಿತು. ಉಳಿದ 'ಸೋಜ' ಅರ್ಥವಾಗದ ಆದೇಶ, ಎರರ್ ಬರುತ್ತದೆ. ಅದೇ ಜಾಗದಲ್ಲಿ ಕಿಡಿಗೇಡಿಯೊಬ್ಬ ' ಆರ್ '1'='1 ಎಂದು ತುಂಬಿದರೆ (ಆರ್ ಎಂದರೆ 'ಅಥವಾ') ಎರರ್ ಕೂಡ ಬರುವುದಿಲ್ಲ. ಒಂದು ಒಂದಕ್ಕೆ ಸಮ ಎಂಬುದು ಎಲ್ಲ ಸಾಲುಗಳಿಗೂ ನಿಜವಾದ್ದರಿಂದ ಅತಿಥಿಗಳ ಇಡೀ ಪಟ್ಟಿ, ಫೋನ್ ನಂಬರ್ ಸಮೇತ, ಅವನ ಮುಂದೆ ತೆರೆದುಕೊಳ್ಳುತ್ತದೆ. 1998ರಿಂದಲೂ ಬಹಿರಂಗವಾಗಿ ಗೊತ್ತಿರುವ ಹುಳುಕಿದು.

ಕೋಟ್ ಬಂದಲ್ಲೆಲ್ಲ ಅದನ್ನು ಕೈಯಾರೆ ಎಸ್ಕೇಪ್ ಮಾಡುವುದು, ಅಂದರೆ ಅದು ಪಠ್ಯದ ಭಾಗವೆಂದು ಗುರುತು ಹಾಕುವುದು, ಹಳೆಯ ಮದ್ದು. ಆದರೆ ಕ್ವೆರಿಯ ಭಾಷೆಯಾದ ಎಸ್‌ಕ್ಯುಎಲ್‌ನ ಸ್ಟ್ಯಾಂಡರ್ಡ್ ಪ್ರಕಾರ ಕೋಟನ್ನು ಎರಡು ಬಾರಿ ಬರೆಯಬೇಕು, ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ಕೋಟಿನ ಹಿಂದೆ ಬ್ಯಾಕ್‌ಸ್ಲ್ಯಾಶನ್ನೂ (\) ಒಪ್ಪುತ್ತದೆ, ಪೋಸ್ಟ್‌ಗ್ರೆಸ್ ಎಂಬ ಇನ್ನೊಂದರಲ್ಲಿ 9.1ನೇ ಆವೃತ್ತಿಯಿಂದ ಈಚೆಗೆ ಮಾಮೂಲಿ ಕೋಟಿನೊಳಗಿನ ಬ್ಯಾಕ್‌ಸ್ಲ್ಯಾಶ್‌ಗೆ ವಿಶೇಷ ಅರ್ಥವೇ ಇಲ್ಲ. ಒಂದಕ್ಕೆ ಬರೆದ ಕೋಡ್ ಇನ್ನೊಂದರಲ್ಲಿ ಕೈಕೊಡುತ್ತದೆ. ರೂಮ್ ನಂಬರ್‌ನಂಥ ಅಂಕಿಯ ಜಾಗದಲ್ಲಿ ಕೋಟೇ ಇರುವುದಿಲ್ಲವಾದ್ದರಿಂದ '5 ಆರ್ 1=1' ಎಂದು ತುಂಬಿದವನನ್ನು ಎಸ್ಕೇಪ್ ತಡೆಯುವುದೂ ಇಲ್ಲ. ಇನ್ನು ಎರಡು ಕಡೆ ಎಸ್ಕೇಪ್ ಆದರೆ ಹೆಸರು ಡಿ\'ಸೋಜ ಎಂದೇ ಸೇವ್ ಆಗಿ, ಬಿಲ್ಲಿನಲ್ಲೂ ಹಾಗೇ ಪ್ರಿಂಟ್ ಆಗುತ್ತದೆ.

ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿಯಲ್ಲಿ ಕೋಟಿಗೆ ಬ್ಯಾಕ್‌ಸ್ಲ್ಯಾಶ್ ಸೇರಿಸುವ 'ಆಡ್‌ಸ್ಲ್ಯಾಶಸ್' ಅನ್ನು ಈಗಲೂ ನಂಬಿರುವವರಿದ್ದಾರೆ. ಡೇಟಾಬೇಸ್ ಕನೆಕ್ಷನ್ನಿನ ಅಕ್ಷರ ಸಂಕೇತ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯಾವುದು ಎಂಬುದೇ ಅದಕ್ಕೆ ತಿಳಿಯದು. ಚೀನಿ ಭಾಷೆಯ ಜಿಬಿಕೆ ಸಂಕೇತದಲ್ಲಿ ಅದು ಸೇರಿಸಿದ ಬ್ಯಾಕ್‌ಸ್ಲ್ಯಾಶನ್ನು ಹಿಂದಿನ ಬೈಟ್ ನುಂಗಿ ಅಕ್ಷರವಾಗಿಬಿಡುತ್ತದೆ, ಕೋಟ್ ಮಾತ್ರ ಹೊರಗೆ ಉಳಿಯುತ್ತದೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡಕ್ಕೆ ಈ ಕಾಟವಿಲ್ಲ. ಒಂದೊಂದು ಚಿಹ್ನೆಗೂ ಮೂರು ಬೈಟ್, ಯಾವುದೂ ಕೋಟನ್ನು ಹೋಲುವುದಿಲ್ಲ. ಆದರೂ ಮೈಎಸ್‌ಕ್ಯುಎಲ್ ಬಳಸುವವರು ಕನೆಕ್ಷನ್ ಸಾಲಿನಲ್ಲೇ 'ಯುಟಿಎಫ್8ಎಂಬಿ4' ಎಂದು ಕೊಡಬೇಕು. ಹಳೆಯ 'ಯುಟಿಎಫ್8' ಮೂರು ಬೈಟಿಗೇ ನಿಲ್ಲುತ್ತದೆ. ಅತಿಥಿಯ ಅಭಿಪ್ರಾಯದಲ್ಲಿ ಒಂದು ಇಮೋಜಿ ಬಂದರೆ ಎರರ್, ಇಲ್ಲವೇ ಅಲ್ಲಿಂದ ಮುಂದಿನದು ಮಾಯ.

ಸರಿಯಾದ ದಾರಿ ಪ್ಯಾರಾಮೀಟರ್ ಕ್ವೆರಿ. 'ವೇರ್ ಹೆಸರು = ?' ಎಂದು ಕ್ವೆರಿಯ ಚೌಕಟ್ಟನ್ನು ಮೊದಲು ಪ್ರಿಪೇರ್ ಮಾಡಿ (ಡೇಟಾಬೇಸಿಗೆ ಕೊಟ್ಟು ಸಿದ್ಧಪಡಿಸಿ), ಹೆಸರನ್ನು ಬೇರೆಯಾಗಿ ಬೈಂಡ್ ಮಾಡುವುದು (ಆ ? ಜಾಗಕ್ಕೆ ಜೋಡಿಸುವುದು). ಕ್ವೆರಿಯ ಅರ್ಥ ಆಗಲೇ ತೀರ್ಮಾನವಾಗಿರುತ್ತದೆ. ನಂತರ ಬಂದದ್ದು ಏನಿದ್ದರೂ ಬರೀ ಪಠ್ಯ. ಪ್ರಶ್ನಾರ್ಥಕ ಚಿಹ್ನೆಯ ಸುತ್ತ ಕೋಟ್ ಹಾಕಬಾರದು, ಹಾಕಿದರೆ ಅದು '?' ಎಂಬ ಹೆಸರನ್ನೇ ಹುಡುಕುತ್ತದೆ. ಪೈಥಾನ್ ಭಾಷೆಯಲ್ಲಿ ಎಫ್-ಸ್ಟ್ರಿಂಗ್ (ಪಠ್ಯದೊಳಗೆ ಬೇಕಾದ್ದನ್ನು ತುಂಬುವ ಸೌಲಭ್ಯ) ಬಳಸಿ ಹೆಸರನ್ನು ಸಾಲಿಗೆ ಸೇರಿಸಿಯಾದ ಮೇಲೆ ಕ್ವೆರಿ ಓಡಿಸುವ ಎಕ್ಸಿಕ್ಯೂಟ್ ಕರೆದರೆ ಮತ್ತೆ ಅಂಟಿಸಿದ ಹಾಗೇ ಆಯಿತು. ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಪಿಡಿಒ, ಮೈಎಸ್‌ಕ್ಯುಎಲ್ ಜೊತೆ ಪ್ರಿಪೇರ್ ಮಾಡಿದಂತೆ ನಟಿಸಿ, ಒಳಗೆ ತಾನೇ ಎಸ್ಕೇಪ್ ಮಾಡಿ ಅಂಟಿಸುವುದು ಡೀಫಾಲ್ಟ್. ಅದರ 'ಎಮ್ಯುಲೇಟ್ ಪ್ರಿಪೇರ್ಸ್' ಸೆಟ್ಟಿಂಗ್ ಆಫ್ ಮಾಡುವುದು ಲೇಸು.

ಬೈಂಡ್ ಮಾಡಲಾಗದ ಜಾಗಗಳೂ ಇವೆ. ಟೇಬಲ್, ಕಾಲಮ್ಮಿನ ಹೆಸರು ಅಂಥವು. ಕಾಫಿ ಪುಡಿಯನ್ನು ಬೆಲೆಯ ಪ್ರಕಾರವೋ ಹುರಿದ ದಿನದ ಪ್ರಕಾರವೋ ಜೋಡಿಸಬೇಕಿದ್ದರೆ, ಒಪ್ಪಿಗೆಯ ಕಾಲಮ್ಮುಗಳ ಪಟ್ಟಿ ಕೋಡಿನಲ್ಲೇ ಇರಲಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ತಳ್ಳಿಹಾಕಿ. ಹುಡುಕಾಟದಲ್ಲಿ ಹೋಲಿಕೆ ನೋಡುವ 'ಲೈಕ್' ಆದೇಶ ಇನ್ನೊಂದು ಸೂಕ್ಷ್ಮ. '100% ಅರೇಬಿಕಾ' ಮಾರುವ ಅಂಗಡಿಯಲ್ಲಿ 100% ಎಂದು ಹುಡುಕಿದರೆ 100 ಗ್ರಾಂ ರೋಬಸ್ಟಾ ಪೊಟ್ಟಣವೂ ಬರುತ್ತದೆ, ಏಕೆಂದರೆ ಅಲ್ಲಿ ಶೇಕಡಾ ಚಿಹ್ನೆಗೆ 'ಏನು ಬೇಕಾದರೂ' ಎಂದರ್ಥ. ಅಂಡರ್‌ಸ್ಕೋರ್‌ಗೆ 'ಯಾವುದಾದರೂ ಒಂದು ಅಕ್ಷರ'. ಇಲ್ಲಿ ಮಾತ್ರ ಈ ಎರಡನ್ನೂ, ಎಸ್ಕೇಪ್ ಚಿಹ್ನೆಯನ್ನೂ ಕೈಯಾರೆ ಎಸ್ಕೇಪ್ ಮಾಡಿ, ಆಮೇಲೆ ಬೈಂಡ್ ಮಾಡಬೇಕು.

ವೆಬ್‌ಸೈಟಿನ ಡೇಟಾಬೇಸ್ ಲಾಗಿನ್‌ಗೆ ಟೇಬಲ್ ಅಳಿಸುವ ಹಕ್ಕು ಬೇಡ. ಎರರ್ ಲಾಗ್ ಫೈಲಿಗೆ ಹೋಗಲಿ, ಪರದೆಗೆ ಬೇಡ. ಅತಿಥಿಗಳ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುವ ಹೋಂಸ್ಟೇಯವರು ಇದನ್ನೂ ಗಮನಿಸಲಿ: ತಕ್ಕ ಭದ್ರತೆ ಇಲ್ಲದೆ ಮಾಹಿತಿ ಸೋರಿದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಮಾಲೀಕರು ತಮ್ಮ ಸೈಟಿನಲ್ಲೇ ಪರೀಕ್ಷಿಸಬಹುದು. ಡಿ'ಸೋಜ ಎಂದು ತುಂಬಿ ಸೇವ್ ಮಾಡಿ. ಎರರ್ ಬಂದರೆ ಡೆವಲಪರನ್ನು ಅಂದೇ ಕರೆಸಿ. ಬಿಲ್ಲಿನಲ್ಲಿ ಬ್ಯಾಕ್‌ಸ್ಲ್ಯಾಶ್ ಕಂಡರೆ ಎಲ್ಲೋ ಎಸ್ಕೇಪ್ ಹೆಚ್ಚಾಗಿದೆ. ಹೆಸರು ಇದ್ದ ಹಾಗೇ ಬಂದರೂ ಕ್ವೆರಿಗಳಲ್ಲಿ ಬೈಂಡ್ ಆಗಿದೆಯೇ ಎಂದು ಕೋಡ್ ತೆರೆದು ತೋರಿಸಲು ಹೇಳಿ. ಬೇರೆಯವರ ಸೈಟಿನಲ್ಲಿ ಈ ಪ್ರಯೋಗ ಬೇಡ, ಐಟಿ ಕಾಯ್ದೆಯಡಿ ಕೇಸಾದೀತು. ಪರೀಕ್ಷೆಗೆ ಮೊಬೈಲ್ ಬದಲು ಕಂಪ್ಯೂಟರ್ ಬಳಸಿ: ಕೆಲವು ಫೋನ್‌ಗಳು ನೆಟ್ಟಗಿನ ಕೋಟನ್ನು ತಾವಾಗಿಯೇ ಬಾಗಿದ ಕೋಟ್ ಮಾಡಿಬಿಡುತ್ತವೆ, ಆಗ ತೂತಿದ್ದರೂ ಕಾಣುವುದಿಲ್ಲ.

— ವೆಬ್ ಮತ್ತು ಡೇಟಾಬೇಸ್ ಕೆಲಸದ ಕೆಲವರು, ಮಡಿಕೇರಿ