ರಾಮ್ಸೆ ಜೀವನಕಥೆ ಬರೆದು ಮುಗಿಯಿತು, ನಿಮಗೆಲ್ಲ ಥ್ಯಾಂಕ್ಸ್

ನಿನ್ನೆ ರಾತ್ರಿ ಕೊನೆಯ ಪುಟ ಮುಗಿಯಿತು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಬರ್ಟ್ರಮ್ ರಾಮ್ಸೆ ಅವರ ಬದುಕು ಈಗ ಕನ್ನಡದಲ್ಲಿದೆ, ನಾಲ್ಕು ನೋಟುಬುಕ್ಕುಗಳಲ್ಲಿ. ಮೂರು ವರ್ಷ ಹಿಡಿಯಿತು. ನನ್ನೊಬ್ಬನಿಂದ ಖಂಡಿತ ಆಗುತ್ತಿರಲಿಲ್ಲ.

ಇವರೇ ಯಾಕೆ ಅಂತ ಸುಮಾರು ಜನ ಕೇಳಿದಿರಿ. ಮೇಲಧಿಕಾರಿಯ ಜೊತೆ ಸರಿಹೋಗದೆ ನಾನು ಐವತ್ನಾಲ್ಕಕ್ಕೇ ಕೆಲಸ ಬಿಟ್ಟವನು. ಮನೆಯಲ್ಲಿ ಸುಮ್ನೆ ಕೂತು ದಿನ ಕಳೆಯುತ್ತಿದ್ದೆ. ಆಗ ಸಿಕ್ಕಿದವರು ರಾಮ್ಸೆ. ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿಗೆ ಎದುರಿರುವ ಇಂಗ್ಲೆಂಡಿನ ಬಂದರು ಡೋವರ್‌ನ ಗಸ್ತುಪಡೆಯಲ್ಲಿ ಎಂ-25 ಎಂಬ ಸಣ್ಣ ಯುದ್ಧನೌಕೆ, ಆಮೇಲೆ ‘ಬ್ರೋಕ್’ ಡಿಸ್ಟ್ರಾಯರ್ ನಡೆಸಿದವರು. 1935ರಲ್ಲಿ ಅಡ್ಮಿರಲ್ ಬ್ಯಾಕ್‌ಹೌಸ್ ಕೈಕೆಳಗೆ ಹೊಂದಿಕೆಯಾಗದೆ ಹುದ್ದೆ ಬಿಟ್ಟರು. 1938ರಲ್ಲಿ ಹೆಸರು ನಿವೃತ್ತರ ಪಟ್ಟಿಗೆ ಹೋಯಿತು. ಇವತ್ತು ಜನ ಅವರನ್ನು ನೆನೆಯುವುದು ಅದರ ನಂತರದ ಕೆಲಸಕ್ಕೆ! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1939ರಲ್ಲಿ ಮತ್ತೆ ಕರೆ ಬಂತು, ಡೋವರ್‌ಗೇ. 1940ರ ಮೇ 26ರ ಸಂಜೆ, ಜರ್ಮನರು ಸುತ್ತುವರಿದಿದ್ದ ಮಿತ್ರಪಡೆಯ ಸೈನಿಕರನ್ನು ಫ್ರಾನ್ಸಿನ ತೀರದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ತರುವ ಡನ್‌ಕರ್ಕ್ ತೆರವು ಶುರು. 45 ಸಾವಿರ ಜನರನ್ನು ತಂದರೆ ಅದೇ ಹೆಚ್ಚು ಅಂತ ಲೆಕ್ಕವಿತ್ತು. ಜೂನ್ 4ರ ಹೊತ್ತಿಗೆ ದಾಟಿ ಬಂದವರು 3,38,226. ಅವರಲ್ಲಿ ಹೇಸರಗತ್ತೆಗಳ ಜೊತೆ ಫ್ರಾನ್ಸಿಗೆ ಹೋಗಿದ್ದ ನಮ್ಮ ಭಾರತದ ಸೈನಿಕರೂ ಇದ್ದರು.

ಸೈನಿಕರನ್ನು ತರಲು ಹೋದ ಸಣ್ಣ ದೋಣಿಗಳ ಕಥೆ ಸುಮಾರು ಜನರಿಗೆ ಗೊತ್ತು. ಆದರೆ ಜಾಸ್ತಿ ಜನ ಹಡಗು ಹತ್ತಿದ್ದು ಬಂದರಿನಿಂದ, ಅದರ ಪೂರ್ವದ ಉದ್ದನೆಯ ಕಟ್ಟೆಯಿಂದ. ನಾನು ಅದನ್ನು ‘ದಕ್ಕೆ’, ಅಂದರೆ ಹಡಗು ಕಟ್ಟುವ ಜಾಗ, ಅಂತ ಬರೆದಿದ್ದೆ. ಮಲ್ಪೆಯ ಮೀನುಗಾರ ಗೆಳೆಯರು ಓದಿ ತಡೆದರು. "ದಕ್ಕೆ ಅಲ್ಲ ಮಾರಾಯ್ರೆ, ಅದು ಅಲೆ ತಡೆಯುವ ಗೋಡೆ. ಅದಕ್ಕೆ ಬೋಟು ಕಟ್ಟಿದ್ರೆ ಹೊಡೆದು ಪುಡಿಯಾಗ್ತದೆ." ಅಂಥ ಗೋಡೆಗೆ ಹಡಗು ತಾಗಿಸಿ, ಬಾಂಬಿನ ನಡುವೆ ಜನ ಹತ್ತಿಸಿದ್ದು ಎಂಥ ಕೆಲಸ ಅಂತ ನನಗೆ ಅವತ್ತೇ ಅರ್ಥವಾಯಿತು. ಇಡೀ ಅಧ್ಯಾಯ ಮತ್ತೆ ಬರೆದೆ. ನಿಮಗೆ ದೊಡ್ಡ ನಮಸ್ಕಾರ.

ಇಂಗ್ಲೆಂಡಿನಲ್ಲಿರುವ ಮಗಳಿಗೆ ಏನು ಹೇಳಲಿ? ರಜೆಯ ದಿನ ಡೋವರ್ ಕೋಟೆಯ ಕೆಳಗಿನ ಸುರಂಗಕ್ಕೆ ಹೋಗಿ ವಿಡಿಯೋ ಕಳಿಸಿದಳು. ಸುಣ್ಣದ ಬಂಡೆ ಕೊರೆದು ಮಾಡಿದ ಕೋಣೆಗಳು, ಆಚೆ ಬೆಳಕು, ಕೆಳಗೆ ಕಡಲು. ರಾಮ್ಸೆ ಕೂತು ಆ ಒಂಬತ್ತು ದಿನ ಕಳೆದದ್ದು ಅಲ್ಲೇ. "ಅಪ್ಪಾ, ಆಚೆ ದಡ ಕಾಣ್ತಿದೆ, ಫ್ರಾನ್ಸು" ಅಂದಳು. ಆ ಒಂದು ಮಾತನ್ನು ಎಷ್ಟು ಸಲ ಕೇಳಿದೆನೋ.

1944ರ ಜೂನ್ 6ಕ್ಕೆ ಸುಮಾರು 7 ಸಾವಿರ ಹಡಗು-ದೋಣಿಗಳನ್ನು, ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಸೇನೆ ಇಳಿಸಲು, ಅಲ್ಲಿನ ನಾರ್ಮಂಡಿ ತೀರಕ್ಕೆ ನಡೆಸಿದವರೂ ಇವರೇ. ಆ ಭಾಗ ಬರೆಯುವಾಗ ನನ್ನ ಬಲಗಣ್ಣಿನ ರೆಟಿನಾ ಕೈಕೊಟ್ಟಿತು. ಆಪರೇಷನ್ ಮಾಡಿದ ಡಾಕ್ಟರಿಗೆ, ರಾತ್ರಿ ಪಾಳಿಯ ನರ್ಸುಗಳಿಗೆ, ದಿನಾ ಸಂಜೆ ಬಂದು ಪುಟಗಳನ್ನು ಓದಿ ಹೇಳಿದ ಪಕ್ಕದ ಮನೆಯ ಹುಡುಗನಿಗೆ ನಾನು ಋಣಿ.

ಕೊನೆಯ ಪುಟ 1945ರ ಜನವರಿ 2. ಪ್ಯಾರಿಸ್ ಹತ್ತಿರ ಅವರ ವಿಮಾನ ಏರುವಾಗಲೇ ಬಿತ್ತು. ಯುದ್ಧ ಮುಗಿದದ್ದನ್ನು ಅವರು ನೋಡಲಿಲ್ಲ. ಒಂದು ವಾರ ಆ ಪುಟ ಮುಟ್ಟಲು ನನ್ನಿಂದ ಆಗಲಿಲ್ಲ. ನಿನ್ನೆ ಹೆಂಡತಿ ನೋಟುಬುಕ್ಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು. "ಹೇಳಿ, ನಾನು ಬರೀತೀನಿ" ಅಂದಳು. ಆ ಪುಟದ ಅಕ್ಷರ ಅವಳದು.